ಸೀಟಿನ ಮಾತು ಒಂಬತ್ತನೇ ಕ್ಲಾಸಿನಲ್ಲೇ ಶುರುವಾಗಲಿ

(ಮುಂಬಯಿಯ ಕನ್ನಡ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ರಿಸಲ್ಟ್ ಬಂದ ದಿನ ನಮ್ಮ ಮನೆಗಳಲ್ಲಿ ಫೋನು ನಿಲ್ಲುವುದಿಲ್ಲ. ಊರಿಂದ ಅಜ್ಜಿ, ವಸಾಯಿಯಿಂದ ಚಿಕ್ಕಪ್ಪ, ಎದುರು ಮನೆಯ ಆಂಟಿ, ಎಲ್ಲರೂ ಕೇಳುವುದು ಒಂದೇ ಮಾತು: ‘ಎಷ್ಟು ಬಂತು?’ ನಾನು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವಳು. ಒಳ್ಳೆಯ ಮಾರ್ಕ್ಸ್ ಇದ್ದೂ ಬೇಕಾದ ಕೋರ್ಸಿಗೆ ಅರ್ಜಿ ಹಾಕಲಿಕ್ಕೇ ಆಗದ ಮಕ್ಕಳನ್ನು ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಸಾಧಾರಣ ಮಾರ್ಕ್ಸ್ ಇದ್ದವರು ಬೇಕಾದ ಕಡೆ ಸೇರಿದ್ದನ್ನೂ ನೋಡಿದ್ದೇನೆ. ವ್ಯತ್ಯಾಸ ಬುದ್ಧಿಯದ್ದಲ್ಲ. ಒಬ್ಬರಿಗೆ ಅರ್ಹತೆಯ ನಿಯಮ ಮೊದಲೇ ಗೊತ್ತಿತ್ತು, ಇನ್ನೊಬ್ಬರಿಗೆ ಕೊನೆಯ ದಿನ ಗೊತ್ತಾಯಿತು.

ಇಲ್ಲಿ ಕೂತಿರುವ ಹೆಚ್ಚಿನವರ ಮಕ್ಕಳು ಒಂಬತ್ತರಲ್ಲೋ ಹತ್ತರಲ್ಲೋ ಇದ್ದಾರೆ. ಇದೇ ಸರಿಯಾದ ಸಮಯ. ಹನ್ನೆರಡರ ರಿಸಲ್ಟ್ ಬಂದ ಮೇಲೆ ಬದಲಾಯಿಸಲಾಗದ ಎಷ್ಟೋ ಸಂಗತಿಗಳು ಈಗ ಇನ್ನೂ ನಿಮ್ಮ ಕೈಯಲ್ಲಿವೆ. ಹನ್ನೊಂದರಲ್ಲಿ ಯಾವ ವಿಷಯ ತೆಗೆದುಕೊಳ್ಳುತ್ತೀರಿ, ಹನ್ನೆರಡನ್ನು ಯಾವ ರಾಜ್ಯದಲ್ಲಿ ಪಾಸು ಮಾಡುತ್ತೀರಿ, ಯಾವ ದಾಖಲೆಯನ್ನು ಯಾವಾಗ ಮಾಡಿಸುತ್ತೀರಿ, ಎಲ್ಲ.

ವಿಷಯಗಳಿಂದ ಶುರು ಮಾಡೋಣ. ಕಾಮರ್ಸ್ ತೆಗೆದುಕೊಳ್ಳುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಮಹಾರಾಷ್ಟ್ರ ಬೋರ್ಡಿನ ಹನ್ನೊಂದನೆಯ ಕಾಮರ್ಸಿನಲ್ಲಿ ಹೆಚ್ಚಿನ ಕಾಲೇಜುಗಳು ಒಂದು ಆಯ್ಕೆ ಕೊಡುತ್ತವೆ. ಗಣಿತ ಅಥವಾ ಎಸ್‌ಪಿ, ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್. ಫಾರ್ಮ್ ತುಂಬುವಾಗ ಮಕ್ಕಳು ಗೆಳೆಯರನ್ನು ನೋಡಿ ಎಸ್‌ಪಿ ಬರೆಯುತ್ತಾರೆ. ಸುಲಭ, ಮಾರ್ಕ್ಸ್ ಬರುತ್ತದೆ ಅಂತ. ಬಿ.ಕಾಂ.ಗೆ ಹೋಗುವವರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಎರಡು ವರ್ಷ ಕಳೆದು ಅದೇ ಹುಡುಗಿ ಬಿಎಸ್ಸಿ ಐಟಿ ಮಾಡುತ್ತೇನೆ ಅಂತ ಬರುತ್ತಾಳೆ. ಐಟಿ, ಡೇಟಾ ಸೈನ್ಸ್, ಸ್ಟಾಟಿಸ್ಟಿಕ್ಸ್ ಥರದ ಕೋರ್ಸುಗಳಿಗೆ ಎಷ್ಟೋ ಕಾಲೇಜುಗಳು ಹನ್ನೆರಡರಲ್ಲಿ ಗಣಿತ ಕೇಳುತ್ತವೆ. ಅವಳ ಹತ್ತಿರ 85 ಪರ್ಸೆಂಟ್ ಇದೆ, ಗಣಿತ ಇಲ್ಲ. 85ಕ್ಕೆ ಅಲ್ಲಿ ಬೆಲೆಯೇ ಇಲ್ಲ. ಹಾಗಾಗಿ ಕಾಮರ್ಸ್ ಮಕ್ಕಳಿಗೆ ನನ್ನ ಸಲಹೆ ಇಷ್ಟೇ. ಗಣಿತ ಅಂದರೆ ರಾತ್ರಿ ನಿದ್ದೆ ಬರದಷ್ಟು ಭಯ ಇದ್ದರೆ ಬಿಡಿ. ಬರೀ ಸೋಮಾರಿತನಕ್ಕೆ ಬಿಡಬೇಡಿ.

ಸೈನ್ಸಿನಲ್ಲಿ ಪ್ರಶ್ನೆ ಗಣಿತವೋ ಜೀವಶಾಸ್ತ್ರವೋ ಅನ್ನುವುದು. ಎಂಜಿನಿಯರಿಂಗಿಗೆ ಮಹಾರಾಷ್ಟ್ರದಲ್ಲಿ ಹನ್ನೆರಡರಲ್ಲಿ ಫಿಸಿಕ್ಸ್ ಮತ್ತು ಗಣಿತ ಕಡ್ಡಾಯ. ಮೂರನೆಯ ವಿಷಯ ಕೆಮಿಸ್ಟ್ರಿಯೇ ಆಗಬೇಕು ಅಂತಿಲ್ಲ. ಜೀವಶಾಸ್ತ್ರ, ಬಯೋಟೆಕ್ನಾಲಜಿ, ತಾಂತ್ರಿಕ ವೊಕೇಶನಲ್ ವಿಷಯ ಕೂಡ ನಡೆಯುತ್ತವೆ. ಹಾಗಂತ ಕೆಮಿಸ್ಟ್ರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಸಿಇಟಿಯಲ್ಲಿ, ಅಂದರೆ ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ, ಅದೂ ಇದೆ. ಮೆಡಿಕಲ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಎರಡೂ ಕಡೆ ಹೋಗುವ ಅವಕಾಶ ಉಳಿಯಲಿ ಅಂತ ನಾಲ್ಕೂ ತೆಗೆದುಕೊಳ್ಳುವವರಿದ್ದಾರೆ. ಮಗುವಿಗೆ ಶಕ್ತಿ ಇದ್ದರೆ ತಪ್ಪೇನಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಡೊಂಬಿವಲಿಯಿಂದ ಲೋಕಲ್ ಹಿಡಿದು, ಸಂಜೆ ಕ್ಲಾಸ್ ಮುಗಿಸಿ ರಾತ್ರಿ ಮನೆಗೆ ಬರುವ ಮಗುವಿನ ಮೇಲೆ ನಾಲ್ಕು ವಿಷಯ ಹೇರುವ ಮೊದಲು ಅದರ ಮುಖ ಒಮ್ಮೆ ನೋಡಿ. ಮೊದಲು ಜೀವಶಾಸ್ತ್ರ ಬಿಟ್ಟವರಿಗೆ ಈಗ ಇನ್ನೊಂದು ದಾರಿಯೂ ಇದೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿತು. ಹನ್ನೆರಡು ಪಾಸಾದ ಮೇಲೆ ಮಾನ್ಯ ಬೋರ್ಡಿನಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನೀಟ್, ಅಂದರೆ ಮೆಡಿಕಲ್ ಪ್ರವೇಶ ಪರೀಕ್ಷೆ, ಬರೆಯಬಹುದು.

ಇನ್ನು ಹನ್ನೊಂದಕ್ಕೆ ಸೇರುವ ಕ್ರಮ. ಮುಂಬಯಿಯಲ್ಲಿ 2009ರಿಂದ ಇದು ಆನ್‌ಲೈನ್. 2025ರಿಂದ ಇಡೀ ರಾಜ್ಯಕ್ಕೇ ಒಂದೇ ಪದ್ಧತಿ. ಫಾರ್ಮಿನಲ್ಲಿ ಹತ್ತು ಕಾಲೇಜುಗಳವರೆಗೆ ಆಯ್ಕೆ ಬರೆಯಬಹುದು. ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿತು ಅನ್ನಿ, ಅಲ್ಲಿಗೆ ಸೇರಲೇಬೇಕು. ಬೇಡ ಅಂದರೆ ಮುಂದಿನ ಸಾಮಾನ್ಯ ಸುತ್ತುಗಳಲ್ಲಿ ಅವಕಾಶ ಇಲ್ಲ. ಎಷ್ಟೋ ಮಕ್ಕಳು ಹೆಸರು ಕೇಳಿ ಚರ್ಚ್‌ಗೇಟಿನ ಕಾಲೇಜನ್ನು ಮೊದಲು ಬರೆಯುತ್ತಾರೆ. ಮನೆ ಮೀರಾ ರೋಡಿನಲ್ಲಿ. ಸಿಕ್ಕಿದ ಮೇಲೆ ಮನೆಯವರು ದೂರ ಆಯಿತು ಅನ್ನುತ್ತಾರೆ. ಹಾಗಾಗಿ ಕ್ರಮ ಬರೆಯುವ ದಿನ ಇಡೀ ಮನೆ ಕೂತು ಬರೆಯಿರಿ.

ಅದೇ ಫಾರ್ಮಿನ ಹೊರಗೆ ಕೋಟಾಗಳಿವೆ. ಇನ್‌ಹೌಸ್ ಕೋಟಾ 10 ಪರ್ಸೆಂಟ್, ಅದೇ ಸಂಸ್ಥೆಯ ಶಾಲೆಯಲ್ಲಿ ಓದಿದವರಿಗೆ. ಮ್ಯಾನೇಜ್‌ಮೆಂಟ್ ಕೋಟಾ 5. ಅಲ್ಪಸಂಖ್ಯಾತ ಸಂಸ್ಥೆಯಾದರೆ 50 ಪರ್ಸೆಂಟ್ ಸೀಟು ಆ ಸಮುದಾಯಕ್ಕೆ. ಅಲ್ಪಸಂಖ್ಯಾತ ಅಂದರೆ ಬರೀ ಧರ್ಮದ ವಿಷಯ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ನಮ್ಮ ಹಿರಿಯರು ಇಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆಗಳಲ್ಲಿ ಆ ಮಾನ್ಯತೆ ಪಡೆದವೂ ಇವೆ. ಆ ಸೀಟು ನಿಮ್ಮ ಮಗುವಿಗೆ ಸಿಗಬೇಕಾದರೆ ಪುರಾವೆ ಬೇಕು. ಪುರಾವೆ ಇರುವುದು ಶಾಲೆಯ ಎಲ್‌ಸಿಯಲ್ಲಿ, ಅಂದರೆ ಲೀವಿಂಗ್ ಸರ್ಟಿಫಿಕೇಟಿನಲ್ಲಿ. ಅದರಲ್ಲಿ ಮಾತೃಭಾಷೆ ಅಂತ ಒಂದು ಸಾಲು ಇರುತ್ತದೆ.

ಆ ಸಾಲಿನಲ್ಲಿ ಏನು ಬರೆದಿದೆ ಅಂತ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಕೆಲವು ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಅದನ್ನು ಖಾಲಿ ಬಿಟ್ಟಿರುತ್ತಾರೆ. ಕೆಲವು ಕಡೆ ಗುಮಾಸ್ತರು ತಮಗೆ ತೋಚಿದ ಭಾಷೆ ಬರೆದಿರುತ್ತಾರೆ. ಮಗು ಆ ಶಾಲೆಯಲ್ಲಿ ಇರುವಾಗಲೇ ಅರ್ಜಿ ಕೊಟ್ಟು ಸರಿಪಡಿಸುವುದು ಸುಲಭ. ಶಾಲೆ ಬಿಟ್ಟ ಮೇಲೆ ತಿದ್ದುಪಡಿಗೆ ಬಹಳ ಅಲೆಯಬೇಕಾಗುತ್ತದೆ. ತುಳು ಮಾತಾಡುವ ಮನೆಯವರು ತುಳು ಅಂತಲೇ ಬರೆಸಿರುತ್ತಾರೆ. ಅದು ಸತ್ಯ, ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಕನ್ನಡ ಅಲ್ಪಸಂಖ್ಯಾತ ಸೀಟಿಗೆ ಅರ್ಜಿ ಹಾಕುವವರು ಆ ಕಾಲೇಜಿಗೆ ಮೊದಲೇ ಹೋಗಿ, ತುಳು ಅಂತ ಇದ್ದರೆ ನಡೆಯುತ್ತದೆಯೇ ಅಂತ ಕೇಳಿ ಬನ್ನಿ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದ ವಿಷಯ. ಹತ್ತು ಮುಗಿದ ಕೂಡಲೇ ಮಗುವನ್ನು ಪಿಯುಸಿಗೆ ಊರಿಗೆ ಕಳಿಸುವುದು. ದಕ್ಷಿಣ ಕನ್ನಡ, ಉಡುಪಿ ಕಡೆ ಒಳ್ಳೆಯ ಪಿಯು ಕಾಲೇಜುಗಳಿವೆ. ಹಾಸ್ಟೆಲ್ ಇದೆ, ಕೋಚಿಂಗ್ ಅಲ್ಲೇ ಆಗುತ್ತದೆ, ಇಲ್ಲಿಯ ಹಾಗೆ ರೈಲಿನಲ್ಲಿ ಮೂರು ಗಂಟೆ ಹೋಗುವುದಿಲ್ಲ. ಅಜ್ಜ ಅಜ್ಜಿ ಹತ್ತಿರ ಇರುತ್ತಾರೆ. ಕಳಿಸುವ ತಂದೆತಾಯಿಯ ಆಸೆ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಡಾಕ್ಟರ್ ಆಗಬೇಕು ಅನ್ನುವ ಮಗುವನ್ನು ಕಳಿಸುವ ಮೊದಲು ಒಂದು ನಿಯಮ ಓದಲೇಬೇಕು.

ನೀಟ್ ಇಡೀ ದೇಶಕ್ಕೆ ಒಂದೇ ಪರೀಕ್ಷೆ, 720 ಅಂಕ. ಸೀಟು ಹಂಚುವಾಗ ಮಾತ್ರ ರಾಜ್ಯ ಬರುತ್ತದೆ. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ 15 ಪರ್ಸೆಂಟ್ ಸೀಟು ಅಖಿಲ ಭಾರತ ಕೋಟಾ. ಉಳಿದ 85 ಆ ರಾಜ್ಯದ ಮಕ್ಕಳಿಗೆ. ಮಹಾರಾಷ್ಟ್ರದ ಆ 85ರಲ್ಲಿ ಬರಬೇಕಾದರೆ ಇಲ್ಲಿನ ಡೊಮಿಸೈಲ್, ಅಂದರೆ ಕಾಯಂ ವಾಸದ ಪ್ರಮಾಣಪತ್ರದ ಜೊತೆಗೆ ಹತ್ತು ಮತ್ತು ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿರಬೇಕು. ವರ್ಗಾವಣೆಯಾಗುವ ಸರ್ಕಾರಿ ನೌಕರರು, ಸೈನಿಕರು ಇಂಥವರ ಮಕ್ಕಳಿಗೆ ವಿನಾಯಿತಿ ಇದೆ. ಹೋಟೆಲ್ ನಡೆಸುವವರಿಗೆ, ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಇಲ್ಲ. ಅಂಧೇರಿಯಲ್ಲಿ ಹುಟ್ಟಿ, ಅಂಧೇರಿಯಲ್ಲೇ ಹತ್ತು ಮುಗಿಸಿ, ಎರಡು ವರ್ಷ ಊರಿನಲ್ಲಿ ಪಿಯುಸಿ ಮಾಡಿದ ಹುಡುಗ ನೀಟ್‌ನಲ್ಲಿ ಚೆನ್ನಾಗಿ ಅಂಕ ತಂದರೂ ಮುಂಬಯಿಯ ಸರ್ಕಾರಿ ಕಾಲೇಜಿನ ರಾಜ್ಯ ಕೋಟಾಗೆ ಬರುವುದಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಸಿಗಬೇಕಲ್ಲ ಅಂತ ನೀವು ಕೇಳುತ್ತೀರಿ. ಅಲ್ಲಿಯ ಸಾಮಾನ್ಯ ನಿಯಮ, ಒಂದರಿಂದ ಹನ್ನೆರಡರ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎರಡು ವರ್ಷದ ಪಿಯುಸಿ ಅದಕ್ಕೆ ಸಾಲದು. ಆದರೆ ಇನ್ನೊಂದು ನಿಯಮ ಇದೆ, ಅದು ನಮ್ಮಂಥವರಿಗೆ ದೊಡ್ಡ ಉಪಕಾರ. ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಆ ಮಗು ಅಲ್ಲಿ ಅರ್ಹ. ಅಂದರೆ ಕಾರ್ಕಳದಲ್ಲೋ ಕುಂದಾಪುರದಲ್ಲೋ ಏಳನೆಯ ಕ್ಲಾಸಿನ ತನಕ ಓದಿ ಮುಂಬಯಿಗೆ ಬಂದ ಅಪ್ಪನ ಶಾಲೆಯ ದಾಖಲೆ ಈಗ ಮಗಳ ಮೆಡಿಕಲ್ ಸೀಟಿಗೆ ಬೇಕು. ಆ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರ ತನ್ನಿ. ಹಳ್ಳಿಯ ಎಷ್ಟೋ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿವೆ, ರಿಜಿಸ್ಟರುಗಳು ಬೇರೆ ಕಡೆ ಹೋಗಿವೆ. ಹುಡುಕಲು ಸಮಯ ಹಿಡಿಯುತ್ತದೆ. ಮುಂದಿನ ರಜೆಗೆ ಊರಿಗೆ ಹೋದಾಗಲೇ ಈ ಕೆಲಸ ಮುಗಿಸಿ.

ತೊಂದರೆ ಆಗುವುದು ಯಾರಿಗೆ ಗೊತ್ತಾ? ತಂದೆ ತಾಯಿ ಇಬ್ಬರೂ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಮಗುವನ್ನು ಮಾತ್ರ ಪಿಯುಸಿಗೆ ಊರಿಗೆ ಕಳಿಸಿದವರು. ಆ ಮಗುವಿಗೆ ಇಲ್ಲಿಯ 85ರಲ್ಲೂ ಜಾಗ ಇಲ್ಲ, ಅಲ್ಲಿಯ ಏಳು ವರ್ಷವೂ ಇಲ್ಲ. ಹೆಚ್ಚಾಗಿ ಉಳಿಯುವುದು ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ಯೂನಿವರ್ಸಿಟಿಗಳು, ಅಂದರೆ ಯೂನಿವರ್ಸಿಟಿಯ ಸ್ಥಾನ ಪಡೆದ ಖಾಸಗಿ ಸಂಸ್ಥೆಗಳು. ಡೀಮ್ಡ್ ಕಾಲೇಜಿನ ಫೀಸು ಎಷ್ಟು ಅಂತ ನಿಮಗೇ ಗೊತ್ತು. ನಮ್ಮ ಸಮಾಜದಲ್ಲಿ ಇಂಥ ಕುಟುಂಬಗಳು ಈಗ ಹೆಚ್ಚುತ್ತಿವೆ, ಯಾಕೆಂದರೆ ಇಲ್ಲಿ ಮೂರನೆಯ ತಲೆಮಾರು ಬಂದಿದೆ. ಹಾಗಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಅಂತ ಕರ್ನಾಟಕದ ಸಿಇಟಿಯಲ್ಲಿ ವರ್ಗಗಳಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ನೋಡಿ, ಅಲ್ಲಿ ತುಳುವನ್ನು ಹೆಸರಿಸಿಯೇ ಬರೆದಿದ್ದಾರೆ. ಗಡಿನಾಡಿನಲ್ಲಿ ನಮ್ಮ ರಾಜ್ಯದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳು ಬರುತ್ತವೆ. ಈ ವರ್ಗಗಳಲ್ಲಿ ಅರ್ಜಿ ಹಾಕುವವರಿಗೆ ಸಿಇಟಿಯ ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮನೆಯಲ್ಲಿ ಮಾತಾಡಲು ಬಂದರೆ ಸಾಲದು, ಓದಲು ಬರೆಯಲು ಬರಬೇಕು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ನಮ್ಮ ಸಂಘಗಳಲ್ಲಿ ನಡೆಯುವ ಕನ್ನಡ ತರಗತಿಗಳಿಗೆ ಕಳಿಸಲು ಇದೂ ಒಂದು ಕಾರಣ ಅಲ್ವಾ?

ಎಂಜಿನಿಯರಿಂಗಿಗೆ ಮಹಾರಾಷ್ಟ್ರದ ನಿಯಮ ಸ್ವಲ್ಪ ಉದಾರವಾಗಿದೆ. ಹತ್ತು ಹನ್ನೆರಡು ಇಲ್ಲೇ ಪಾಸಾಗಿ, ಇಲ್ಲೇ ಹುಟ್ಟಿದ ಅಥವಾ ಡೊಮಿಸೈಲ್ ಇರುವ ಮಗು ‘ಟೈಪ್ ಎ’. ಹೊರಗೆ ಓದಿದ್ದರೂ ಮಗುವಿಗೋ ತಂದೆ ತಾಯಿಯಲ್ಲಿ ಒಬ್ಬರಿಗೋ ಮಹಾರಾಷ್ಟ್ರದ ಡೊಮಿಸೈಲ್ ಇದ್ದರೆ ‘ಟೈಪ್ ಬಿ’. ಎರಡೂ ಈ ರಾಜ್ಯದ ಅಭ್ಯರ್ಥಿಗಳೇ. ಊರಿನಲ್ಲಿ ಪಿಯುಸಿ ಮಾಡಿದ ಮಗು ಇಲ್ಲಿಯ ಎಂಎಚ್‌ಟಿ ಸಿಇಟಿ ಬರೆದು ಬರಬಹುದು. ಡೊಮಿಸೈಲಿಗೆ ಸಾಮಾನ್ಯವಾಗಿ ಹದಿನೈದು ವರ್ಷದ ವಾಸದ ಪುರಾವೆ ಕೇಳುತ್ತಾರೆ. ಸೇತು ಕೇಂದ್ರದಲ್ಲಿ ಅಥವಾ ಆಪಲೇ ಸರ್ಕಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಬಾಡಿಗೆ ಮನೆ ಬದಲಾಯಿಸುತ್ತಾ ಬಂದವರ ಹತ್ತಿರ ಸರಿಯಾದ ಕಾಗದ ಇರುವುದಿಲ್ಲ. ಅಂಥವರು ಹಳೆಯ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮಗುವಿನ ಶಾಲೆಯ ದಾಖಲೆ ಯಾವುದನ್ನೂ ಎಸೆಯಬೇಡಿ. ಬೇರೆ ರಾಜ್ಯದ ಬೋರ್ಡಿನಿಂದ ಬಂದು ಮುಂಬಯಿ ಯೂನಿವರ್ಸಿಟಿಗೆ ಸೇರುವವರಿಗೆ ಮೈಗ್ರೇಶನ್ ಸರ್ಟಿಫಿಕೇಟೂ ಬೇಕಾಗುತ್ತದೆ. ಪಿಯುಸಿ ಮುಗಿಸಿ ಬರುವಾಗಲೇ ಅದಕ್ಕೆ ಅರ್ಜಿ ಹಾಕಿ.

ಜಾತಿ ಪ್ರಮಾಣಪತ್ರದ ಮಾತು ಬಂದಾಗ ಜನ ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. ಇದು ಕಾನೂನಿನ ಹಕ್ಕು, ಹಾಗಾಗಿ ಕಾನೂನು ತಿಳಿದಿರಬೇಕು. ಊರಿನಲ್ಲಿ 2ಎ, 3ಬಿ ಅಂತ ಇರುವುದು ಕರ್ನಾಟಕದ ವರ್ಗೀಕರಣ. ಇಲ್ಲಿ ಅದು ನಡೆಯುವುದಿಲ್ಲ. ಮಹಾರಾಷ್ಟ್ರದ ಒಬಿಸಿ ಪಟ್ಟಿ ಬೇರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಊರಿನ ಸರ್ಟಿಫಿಕೇಟು ಇಲ್ಲಿ ರಾಜ್ಯದ ಮೀಸಲಾತಿ ಕೊಡುವುದಿಲ್ಲ. ಇದರ ಬಗ್ಗೆ 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು ಇದೆ. ಆ ಮೊಕದ್ದಮೆ ನಮ್ಮ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಸೀಟಿನದ್ದೇ. ಆಂಧ್ರದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯ ಕೆಲಸದ ಜೊತೆ ಮುಂಬಯಿಗೆ ಬಂದ ವಿದ್ಯಾರ್ಥಿ ಪರಿಶಿಷ್ಟ ಪಂಗಡದ ಸೀಟು ಕೇಳಿದ್ದ. ಒಂದು ರಾಜ್ಯದಲ್ಲಿ ಪಡೆದ ಪಂಗಡದ ಸ್ಥಾನ ವಲಸೆ ಹೋದ ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಅಂತ ಕೋರ್ಟು ಹೇಳಿತು.

ಆದರೆ ನಿಮ್ಮ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲೂ ಇದ್ದು, ನಿಮ್ಮ ಕುಟುಂಬ ಒಂದು ದಿನಾಂಕಕ್ಕೆ ಮೊದಲೇ ಇಲ್ಲಿ ನೆಲೆಸಿತ್ತು ಅಂತ ತೋರಿಸಿದರೆ ಇಲ್ಲಿಯ ಸರ್ಟಿಫಿಕೇಟು ಸಿಗುತ್ತದೆ. ಪರಿಶಿಷ್ಟ ಜಾತಿಗೆ ಆ ದಿನ 1950ರ ಆಗಸ್ಟ್ 10. ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6. ವಿಮುಕ್ತ ಮತ್ತು ಅಲೆಮಾರಿ ಸಮುದಾಯಗಳಿಗೆ 1961ರ ನವೆಂಬರ್ 21. ಒಬಿಸಿಗೆ 1967ರ ಅಕ್ಟೋಬರ್ 13. ಆ ಕಾಲದ ಪುರಾವೆ ಎಲ್ಲಿಂದ ತರುವುದು? ಇಲ್ಲಿ ನಾನು ನಮ್ಮ ಹಿರಿಯರನ್ನು ನೆನೆಯಬೇಕು. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಅವರು. ಬೆಂಚಿನ ಮೇಲೆ ಕೂತು ನಿದ್ದೆ ತಡೆದು ಓದಿದ ಆ ಹುಡುಗರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೋಟೆಲ್ ಮಾಲೀಕರಾದರು. ಆ ಶಾಲೆಗಳ ರಿಜಿಸ್ಟರಿನಲ್ಲಿ ಹೆಸರು, ಊರು, ಜಾತಿ, ಸೇರಿದ ತಾರೀಕು ಎಲ್ಲ ಬರೆದಿರುತ್ತಿತ್ತು. ನಿಮ್ಮ ಅಜ್ಜ ಅಂಥ ಶಾಲೆಯಲ್ಲಿ ಓದಿದ್ದರೆ ಆ ಒಂದು ಸರ್ಟಿಫಿಕೇಟು ಇಂದು ಮೊಮ್ಮಗನಿಗೆ ಬಲವಾದ ಪುರಾವೆ. ಹಳೆಯ ಶಾಲೆಗಳನ್ನು ನಡೆಸಿದ ಸಂಸ್ಥೆಯವರು ಯಾರಾದರೂ ಇಲ್ಲಿ ಇದ್ದರೆ ಕೈಮುಗಿದು ಕೇಳುತ್ತೇನೆ, ಆ ರಿಜಿಸ್ಟರುಗಳನ್ನು ಗೆದ್ದಲಿಗೆ ಬಿಡಬೇಡಿ. ಸ್ಕ್ಯಾನ್ ಮಾಡಿಸಿ ಇಡಿ.

ಜಾತಿ ಪ್ರಮಾಣಪತ್ರ ಕೈಗೆ ಬಂದರೆ ಮುಗಿಯಲಿಲ್ಲ. ವೃತ್ತಿಪರ ಕೋರ್ಸುಗಳಿಗೆ ವ್ಯಾಲಿಡಿಟಿ ಸರ್ಟಿಫಿಕೇಟು, ಅಂದರೆ ಆ ಜಾತಿ ಪತ್ರ ಸರಿ ಅನ್ನುವ ಕಾಗದ ಬೇಕು. ಅದನ್ನು ಪರಿಶೀಲನಾ ಸಮಿತಿ ಕೊಡುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗು ಹನ್ನೊಂದರಲ್ಲಿ ಇರುವಾಗಲೇ ಕಾಲೇಜಿನ ಪತ್ರದ ಜೊತೆ ಅರ್ಜಿ ಹಾಕಿ. ಒಬಿಸಿಯವರಿಗೆ ನಾನ್ ಕ್ರೀಮಿಲೇಯರ್, ಅಂದರೆ ಮನೆಯವರು ಸ್ಥಿತಿವಂತರ ಸಾಲಿಗೆ ಸೇರಿಲ್ಲ ಅನ್ನುವ ಪತ್ರ ಕೂಡ ಬೇಕು, ಆದಾಯದ ಮಿತಿ 8 ಲಕ್ಷ. ಅದಕ್ಕೆ ಮಾರ್ಚ್ 31 ಅಂತ ಗಡುವು ಇರುತ್ತದೆ. ಜೂನ್‌ನಲ್ಲಿ ಸೇರುವಾಗ ಹಿಂದಿನ ಮಾರ್ಚಿಗೆ ಮುಗಿದ ಕಾಗದ ತೋರಿಸಿದರೆ ನಡೆಯುವುದಿಲ್ಲ. ಮುಂದಿನ ಮಾರ್ಚಿನ ತನಕ ಚಾಲ್ತಿ ಇರುವುದು ಬೇಕು.

ಈಗ ಅಂಕಗಳ ಮಾತು. ಎಂಜಿನಿಯರಿಂಗಿಗೆ ಹನ್ನೆರಡರ ಫಿಸಿಕ್ಸ್, ಗಣಿತ ಮತ್ತು ಆ ಮೂರನೆಯ ವಿಷಯದಲ್ಲಿ ಒಟ್ಟು ಓಪನ್ ವರ್ಗಕ್ಕೆ 45 ಪರ್ಸೆಂಟ್, ಮಹಾರಾಷ್ಟ್ರದ ಮೀಸಲು ವರ್ಗಗಳಿಗೆ 40. ಎಂಬಿಬಿಎಸ್‌ಗೆ ಪಿಸಿಬಿಯಲ್ಲಿ 50 ಮತ್ತು 40. ಜೊತೆಗೆ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಜೆಇಇ ಮೂಲಕ ಎನ್‌ಐಟಿಗೆ ಹೋಗುವವರಿಗೆ ಹನ್ನೆರಡರಲ್ಲಿ 75 ಪರ್ಸೆಂಟ್ ಬೇಕು, ಇಲ್ಲವೇ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಪರಿಶಿಷ್ಟರಿಗೆ 65. ‘ಬೋರ್ಡಿನ ಮಾರ್ಕ್ಸಿಗೆ ಈಗ ಬೆಲೆ ಇಲ್ಲ, ಎಂಟ್ರೆನ್ಸ್ ಒಂದೇ ಮುಖ್ಯ’ ಅನ್ನುವ ಕೋಚಿಂಗ್ ಕ್ಲಾಸಿನವರ ಮಾತು ನಂಬಿ ಹನ್ನೆರಡನ್ನು ಕಡೆಗಣಿಸಿದವರು ಈ 75ರ ಹತ್ತಿರ ಸಿಕ್ಕಿಬೀಳುತ್ತಾರೆ.

ಎಂಎಚ್‌ಟಿ ಸಿಇಟಿಯ ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ 200 ಅಂಕ. ಅದರಲ್ಲಿ ಗಣಿತವೇ 100, ಪ್ರತಿ ಪ್ರಶ್ನೆಗೆ ಎರಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಹನ್ನೊಂದರ ಪಾಠಗಳಿಂದ ಸುಮಾರು 20 ಪರ್ಸೆಂಟ್ ಪ್ರಶ್ನೆ ಬರುತ್ತದೆ. ಹನ್ನೊಂದನ್ನು ರಜೆಯ ವರ್ಷ ಅಂತ ಕಳೆಯುವ ಮಕ್ಕಳು ಕೇಳಿಸಿಕೊಳ್ಳಿ. ಫಲಿತಾಂಶ ಪರ್ಸೆಂಟೈಲ್‌ನಲ್ಲಿ ಬರುತ್ತದೆ. ಇದನ್ನು ಪಾಲಕರು ಪರ್ಸೆಂಟ್ ಅಂತ ತಿಳಿದು ಸಿಹಿ ಹಂಚುತ್ತಾರೆ. 98 ಪರ್ಸೆಂಟೈಲ್ ಅಂದರೆ ನೂರಕ್ಕೆ 98 ಅಂಕ ಅಲ್ಲ. ಬರೆದ ನೂರು ಜನರಲ್ಲಿ 98 ಜನರ ಅಂಕ ನಿಮ್ಮ ಮಗುವಿನಷ್ಟು ಅಥವಾ ಅದಕ್ಕಿಂತ ಕಡಿಮೆ. ಮೂರು ಲಕ್ಷ ಜನ ಬರೆದರು ಅಂತ ಇಟ್ಟುಕೊಳ್ಳಿ. ನಿಮ್ಮ ಮಗುವಿನ ಮುಂದೆ ಇನ್ನೂ 6,000 ಜನ ಇದ್ದಾರೆ. ಆ 6,000 ಜನರೂ ಮುಂಬಯಿಯಲ್ಲೇ ಕಂಪ್ಯೂಟರ್ ಸೈನ್ಸ್ ಕೇಳಿದರೆ?

ಹಾಗಾಗಿ ಹಿಂದಿನ ವರ್ಷದ ಕಟಾಫ್ ಪಟ್ಟಿ ಓದಲು ಕಲಿಯಿರಿ. ಸಿಇಟಿ ನಡೆಸುವ ಸರ್ಕಾರಿ ಕಚೇರಿ, ಸಿಇಟಿ ಸೆಲ್, ಅದನ್ನು ಬಿಡುಗಡೆ ಮಾಡುತ್ತದೆ. ನೋಡಿದರೆ ತಲೆ ತಿರುಗುತ್ತದೆ, ಬರೀ ಅಕ್ಷರಗಳು. ಆದರೆ ಗುಟ್ಟು ಸುಲಭ. ಮೊದಲ ಅಕ್ಷರ ಜಿ ಆದರೆ ಜನರಲ್, ಎಲ್ ಆದರೆ ಹುಡುಗಿಯರಿಗೆ ಇಟ್ಟ ಸೀಟು. ನಡುವೆ ವರ್ಗ, ಓಪನ್ ಅಥವಾ ಒಬಿಸಿ ಇತ್ಯಾದಿ. ಕೊನೆಯ ಅಕ್ಷರ ಎಚ್ ಆದರೆ ನಿಮ್ಮದೇ ಯೂನಿವರ್ಸಿಟಿ ಪ್ರದೇಶದವರಿಗೆ, ಓ ಆದರೆ ಹೊರಗಿನ ಯೂನಿವರ್ಸಿಟಿಯವರಿಗೆ, ಎಸ್ ಆದರೆ ಇಡೀ ರಾಜ್ಯಕ್ಕೆ. ನಿಮ್ಮ ಸಾಲನ್ನು ಮಾತ್ರ ನೋಡಿ. ಪಕ್ಕದ ಮನೆಯ ಹುಡುಗನಿಗೆ ಸಿಕ್ಕಿತು, ನಮಗೆ ಯಾಕಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಈ ಮೂರು ಭಾಗಗಳಲ್ಲೇ ಇರುತ್ತದೆ.

ಫೀಸಿನ ಒಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಹೆಣ್ಣುಮಕ್ಕಳ ತಾಯಂದಿರು ಗಮನ ಕೊಡಿ. 2024ರಿಂದ ಮಹಾರಾಷ್ಟ್ರ ಸರ್ಕಾರ ವೃತ್ತಿಪರ ಕೋರ್ಸುಗಳಲ್ಲಿ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ವರ್ಗದ ಹುಡುಗಿಯರಿಗೆ ಟ್ಯೂಷನ್ ಫೀಸು, ಪರೀಕ್ಷೆ ಫೀಸು ಪೂರ್ತಿ ಮಾಫಿ ಮಾಡಿದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ ಇರಬೇಕು. ಮತ್ತು ಸೀಟು ಸರ್ಕಾರದ ಕೇಂದ್ರೀಕೃತ ಪ್ರವೇಶದ ಮೂಲಕ, ಅಂದರೆ ಕ್ಯಾಪ್ ಮೂಲಕ ಸಿಕ್ಕಿರಬೇಕು. ಅವಸರದಲ್ಲಿ ಮ್ಯಾನೇಜ್‌ಮೆಂಟ್ ಸೀಟು ಹಿಡಿದರೆ ಈ ಮಾಫಿ ಇಲ್ಲ. ಮಗನಿಗೆ ಎಂಜಿನಿಯರಿಂಗ್, ಮಗಳಿಗೆ ಹತ್ತಿರದ ಕಾಲೇಜಿನಲ್ಲಿ ಏನಾದರೂ ಅಂತ ಖರ್ಚಿನ ಲೆಕ್ಕ ಹಾಕುವ ಮನೆಗಳು ಇನ್ನೂ ಇವೆ. ಆ ಲೆಕ್ಕ ಈಗ ಮತ್ತೊಮ್ಮೆ ಹಾಕಿ.

ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ಬೇರೆ ಇಲ್ಲ ಅನ್ನುವ ಹಾಗೆ ಇಷ್ಟು ಹೊತ್ತು ಮಾತಾಡಿದೆ, ಯಾಕೆಂದರೆ ನಿಯಮಗಳ ತೊಡಕು ಅಲ್ಲಿ ಜಾಸ್ತಿ. ಆದರೆ ನಮ್ಮ ಸಮಾಜದ ಕಸುಬು ಹೋಟೆಲ್. ಎಷ್ಟು ಹೋಟೆಲಿನವರ ಮಕ್ಕಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾರೆ? ದಾದರಿನಲ್ಲಿ 1954ರಲ್ಲಿ ಶುರುವಾದ ಐಎಚ್‌ಎಂ, ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಹನ್ನೆರಡು ಯಾವ ಸ್ಟ್ರೀಮ್ ಆದರೂ ನಡೆಯುತ್ತದೆ, ಇಂಗ್ಲಿಷ್ ಇರಬೇಕು. ಎನ್‌ಸಿಎಚ್‌ಎಂ ಜೆಇಇ ಅನ್ನುವ ಪರೀಕ್ಷೆ ಬರೆಯಬೇಕು. ಅಪ್ಪ ಕಟ್ಟಿದ ಹೋಟೆಲನ್ನು ಓದಿದ ಮಗಳು ಮುಂದೆ ನಡೆಸಿದರೆ ಅದಕ್ಕಿಂತ ಸಂತೋಷ ಏನಿದೆ?

ಸಿಎ ಮಾಡುವವರು ಹತ್ತು ಮುಗಿದ ಮೇಲೆಯೇ ಫೌಂಡೇಶನ್‌ಗೆ ಹೆಸರು ನೋಂದಾಯಿಸಬಹುದು. ಪರೀಕ್ಷೆ ಬರೆಯುವುದು ಹನ್ನೆರಡರ ನಂತರ. ನಾಲ್ಕು ಪೇಪರು, ಪ್ರತಿಯೊಂದರಲ್ಲಿ 40, ಒಟ್ಟು 50 ಪರ್ಸೆಂಟ್. ಬಿ.ಕಾಂ. ಮುಗಿಸಿ 55 ಪರ್ಸೆಂಟ್ ಇದ್ದರೆ ಫೌಂಡೇಶನ್ ಇಲ್ಲದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, ಈಗ ಎರಡು ವರ್ಷ. ಕಾನೂನಿಗೆ ಐದು ವರ್ಷದ ಕೋರ್ಸಿಗೆ ಹನ್ನೆರಡರಲ್ಲಿ 45 ಪರ್ಸೆಂಟ್ ಮತ್ತು ಸಿಇಟಿ. ಚರ್ಚ್‌ಗೇಟಿನ ಸರ್ಕಾರಿ ಲಾ ಕಾಲೇಜು 1855ರದ್ದು, ಫೀಸು ನೋಡಿದರೆ ಆಶ್ಚರ್ಯಪಡುವಷ್ಟು ಕಡಿಮೆ. ಬಿಎಂಎಸ್, ಬಿಬಿಎ, ಬಿಸಿಎಗೆ 2024ರಿಂದ ರಾಜ್ಯದಲ್ಲಿ ಸಿಇಟಿ ಬಂದಿದೆ. ಆಗ ಕೆಲವು ಕಾಲೇಜುಗಳು ಕೋರ್ಸಿನ ಹೆಸರನ್ನೇ ಬಿ.ಕಾಂ. ಮ್ಯಾನೇಜ್‌ಮೆಂಟ್ ಸ್ಟಡೀಸ್ ಅಂತ ಬದಲಾಯಿಸಿಕೊಂಡವು. ಅವಕ್ಕೆ ಸಿಇಟಿ ಬೇಡ. ಹಾಗಾಗಿ ಕೋರ್ಸಿನ ಪೂರ್ತಿ ಹೆಸರು, ಡಿಗ್ರಿಯ ಮೇಲೆ ಏನು ಅಚ್ಚಾಗುತ್ತದೆ, ಸಿಇಟಿ ಬೇಕೋ ಬೇಡವೋ, ಇಷ್ಟನ್ನು ಕಾಲೇಜಿನಲ್ಲೇ ಕೇಳಿ. ಮುಂಬಯಿ ಯೂನಿವರ್ಸಿಟಿಯ ಸಾಮಾನ್ಯ ಡಿಗ್ರಿಗಳಿಗೆ ಮೊದಲು ಯೂನಿವರ್ಸಿಟಿಯ ಆನ್‌ಲೈನ್ ನೋಂದಣಿ, ಆಮೇಲೆ ಪ್ರತಿ ಕಾಲೇಜಿನ ಬೇರೆ ಬೇರೆ ಫಾರ್ಮ್. ಮೊದಲನೆಯದು ಮಾಡಿ ಎರಡನೆಯದು ಮರೆತವರು ಪ್ರತಿ ವರ್ಷ ಸಿಗುತ್ತಾರೆ.

ಹತ್ತರ ನಂತರ ಡಿಪ್ಲೊಮಾ ಇದೆ. 35 ಪರ್ಸೆಂಟ್ ಇದ್ದರೂ ಅರ್ಹ, ಎಂಟ್ರೆನ್ಸ್ ಇಲ್ಲ, ಮೂರು ವರ್ಷ. ಮುಗಿಸಿದ ಮೇಲೆ ನೇರ ಎರಡನೆಯ ವರ್ಷದ ಎಂಜಿನಿಯರಿಂಗ್. ಕೈಯಲ್ಲಿ ಕೆಲಸ ಮಾಡಲು ಇಷ್ಟಪಡುವ ಮಗುವಿಗೆ ಇದು ಬಹಳ ಒಳ್ಳೆಯ ದಾರಿ. ನಮ್ಮವರು ಇದನ್ನು ಕಡಿಮೆ ಅಂತ ನೋಡುತ್ತಾರೆ. ಆ ನೋಟ ಬಿಡಬೇಕು.

ಹಿಂದಿನ ಸಾಲಿನಿಂದ ಒಬ್ಬ ತಮ್ಮ ಕೇಳುತ್ತಿದ್ದಾನೆ. ಊರಿನಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗಿ ಬಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಾನೆ, ಹನ್ನೆರಡು ಆಗಿಲ್ಲ, ವಯಸ್ಸು ಇಪ್ಪತ್ತಮೂರು. ಇನ್ನು ಓದಬಹುದಾ ಅಂತ. ಖಂಡಿತ ಓದಬಹುದು, ಮಗಾ. ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 1989ರಿಂದ ನಡೆಯುತ್ತಿದೆ. ಹನ್ನೆರಡಕ್ಕೆ ಕನಿಷ್ಠ ವಯಸ್ಸು 15, ಮೇಲಿನ ಮಿತಿ ಇಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಮೇ ಒಮ್ಮೆ, ಅಕ್ಟೋಬರ್ ನವೆಂಬರ್ ಒಮ್ಮೆ. ಎಲ್ಲ ವಿಷಯ ಒಟ್ಟಿಗೇ ಬರೆಯಬೇಕು ಅಂತಿಲ್ಲ. ಒಂದೊಂದೇ ಪಾಸು ಮಾಡಿ ಸೇರಿಸಿಕೊಳ್ಳಬಹುದು, ಅದಕ್ಕೆ ಐದು ವರ್ಷ ಸಮಯ ಕೊಡುತ್ತಾರೆ. ಆ ಹನ್ನೆರಡರ ಮೇಲೆ ಡಿಗ್ರಿಗೆ ಸೇರಬಹುದು. ಮುಂಬಯಿ ಯೂನಿವರ್ಸಿಟಿಯ ದೂರಶಿಕ್ಷಣ 1971ರಿಂದ ಇದೆ, ಕೇಂದ್ರದ ಮುಕ್ತ ಯೂನಿವರ್ಸಿಟಿ ಇಗ್ನೊ ಇದೆ, ರಾತ್ರಿ ಕಾಲೇಜುಗಳೂ ಇವೆ. ನಿಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು ಊರಿನಲ್ಲಿ ಇದ್ದರೆ ಮನೆಯವರಿಗೆ ಹೇಳಿ ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ತರಿಸಿಕೊಳ್ಳಿ. ಕಳೆದುಹೋಗಿದ್ದರೆ ಓದಿದ ಶಾಲೆಯ ಮೂಲಕ ಬೋರ್ಡಿಗೆ ಅರ್ಜಿ ಹಾಕಿದರೆ ನಕಲು ಪ್ರತಿ ಸಿಗುತ್ತದೆ. ಫಾರ್ಮ್ ತುಂಬುವಾಗ ನನ್ನ ಹತ್ತಿರ ಬನ್ನಿ, ಹೋಟೆಲಿಗೆ ರಜೆ ಇರುವ ದಿನ ಯಾವುದು ಅಂತ ಈಗಲೇ ಹೇಳಿ.